ರವಿವಾರ ನಾಲ್ಕು ಗಂಟೆಗೆ ಬರುತ್ತಿದ್ದ ಅಪ್ಪ

ಲಿಂಗಂಪಲ್ಲಿ, ಹೈದರಾಬಾದ್
೧೪ ಜೂನ್ ೨೦೧೦, ಸೋಮವಾರ

ಚಿರಂಜೀವಿ ಅರವಿಂದನಿಗೆ ನಿನ್ನ ಅಪ್ಪ ಗುರುಸಿದ್ದಪ್ಪ ಮಾಡುವ ಆಶೀರ್ವಾದ.

ನಿನ್ನ ಸೊಂಟದ ನೋವು ಈಗ ಹೇಗಿದೆ? ಪುಣೆಯಲ್ಲಿ ಮಳೆ ಹಿಡಿದಿರಬೇಕು. ತಂಪು ಹವೆ ಬಿದ್ದಾಗಲೇ ಅದು ಏಳುತ್ತದೆ ಎಂದು ನಿನ್ನ ಅವ್ವ ನಿನ್ನೆಯೂ ಹೇಳಿದಳು. ಆಫೀಸಿನಲ್ಲಿ ಕುರ್ಚಿಯ ಹಿಂದೆ ದಿಂಬು ಇಟ್ಟುಕೊಳ್ಳಲು ಬರೆ ಎಂದಳು, ಬರೆದಿದ್ದೇನೆ. ಅವಳ ಸಕ್ಕರೆ ಏರುತ್ತದೆ, ಇಳಿಯುತ್ತದೆ. ಮಾವಿನಹಣ್ಣು ಮುಗಿಯುವವರೆಗೆ ಅದರ ಮಾತು ಎತ್ತಬಾರದೆಂದು ತಾಕೀತು ಮಾಡಿದ್ದಾಳೆ. ನನ್ನ ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಅಕ್ಷರ ಚೆನ್ನಾಗಿ ಕಾಣುತ್ತಿವೆ. ಆದ್ದರಿಂದ ಈ ಪತ್ರ ಸೊಟ್ಟಗಿದ್ದರೆ ಅದಕ್ಕೆ ಕಣ್ಣು ಕಾರಣವಲ್ಲ. ನಾಲ್ಕು ಸಲ ಬರೆಯಲು ಕುಳಿತು ನಾಲ್ಕು ಸಲವೂ ಹರಿದು ಹಾಕಿದೆ. ಇದು ಐದನೆಯದು.

ನೀನು ಫೋನ್ ಮಾಡಿ ಆರು ವಾರವಾಯಿತು. ಮೇ ಒಂದನೆಯ ತಾರೀಖು, ಬೆಳಗಿನ ಹತ್ತು ಗಂಟೆ. ಹದಿನಾರು ತಿಂಗಳ ನಂತರ ನಿನ್ನ ದನಿ ಕೇಳಿ, ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವೇ ಆಯಿತು. ಆ ಸಂತೋಷ ನಿನ್ನ ಮೊದಲನೇ ಮಾತಿನವರೆಗೆ ಇತ್ತು. "ನನ್ನ ಅಕೌಂಟ್ ಬಳಸಾಕ ನಿಮಗ ಯಾರು ಹೇಳಿದ್ರು? ಇದು ಕಳವು ಅಪ್ಪಾ. ನಿಮ್ಮ ಕಾರ್ಖಾನ್ಯಾಗ ಒಬ್ಬರ ಹಾಜರಿ ಕಾರ್ಡು ಇನ್ನೊಬ್ಬರು ಒತ್ತಿದ್ರ ನೌಕರಿ ಹೋಗ್ತಿತ್ತಲ್ಲ?" ಎಂದೆ. ಹೌದು, ಹೋಗುತ್ತಿತ್ತು. ಮೂವತ್ತಮೂರು ವರ್ಷದ ಸರ್ವಿಸಿನಲ್ಲಿ ಹಾಗೆ ಹೋದ ಇಬ್ಬರನ್ನು ನಾನೇ ನೋಡಿದ್ದೇನೆ. ನಾನು ಬಾಯಿ ತೆರೆಯುವ ಮೊದಲೇ ನೀನು ಫೋನ್ ಇಟ್ಟುಬಿಟ್ಟೆ. ಮಗಳು ವರ್ಷಾ ಹೇಗಿದ್ದಾಳೆ ಎಂದು ಕೇಳಲಿಲ್ಲ. ಅವಳು ಆಗ ಹತ್ತು ಅಡಿ ದೂರದಲ್ಲಿ ಕಿಟಕಿಯ ಹತ್ತಿರ ಕುಳಿತಿದ್ದಳು. ಆ ದಿನ ಕೊಡಲಾಗದ ಉತ್ತರವನ್ನು ಈಗ ಕೊಡುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನಗೆ ಏನು ನೆನಪಿದೆ, ಏನಿಲ್ಲ ಎಂಬುದು ನನಗೆ ಈಗ ತಿಳಿಯುವುದಿಲ್ಲ.

ವಿಮಾ ಕಂಪನಿಯವರು ನಿನ್ನನ್ನು ಪುಣೆಗೆ ವರ್ಗ ಮಾಡಿದಾಗ ವರ್ಷಾಗೆ ಎಂಟು ವರ್ಷ. ಮೊದಲ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದೆ. ಆಮೇಲೆ ಬರುವುದು ಕಡಿಮೆಯಾಯಿತು, ಅದಕ್ಕೆ ಬದಲು ಎಂಬಂತೆ ಆಟದ ಪೆಟ್ಟಿಗೆಯ ಉಪಾಯ ತೆಗೆದೆ. ಇಲ್ಲಿ ಮನೆಯ ಟಿ.ವಿ.ಗೆ ಒಂದು, ಪುಣೆಯ ನಿನ್ನ ಕೋಣೆಯಲ್ಲಿ ಅಂಥದೇ ಇನ್ನೊಂದು, ನಡುವೆ ಇಂಟರ್‌ನೆಟ್ಟು. ಆಟವೂ ಒಳ್ಳೆಯದಿತ್ತು. ಹೊಡೆಯುವುದು ಬಡಿಯುವುದು ಇಲ್ಲ. ಗೂಡ್ಸ್ ರೈಲು ನಡೆಸುವ ಆಟ. ಒಬ್ಬರು ಇಂಜಿನ್ ಓಡಿಸಬೇಕು, ಇನ್ನೊಬ್ಬರು ಮುಂದಿನ ಹಳಿ ಬದಲಿಸಿ ದಾರಿ ಮಾಡಿಕೊಡಬೇಕು, ಒಬ್ಬರೇ ಆಡಲು ಬರುವುದಿಲ್ಲ. ಪ್ರತಿ ರವಿವಾರ ನಾಲ್ಕಕ್ಕೆ ಪರದೆಯ ಮೂಲೆಯಲ್ಲಿ ನಿನ್ನ ಹೆಸರಿನ ಪಕ್ಕದ ಹಸಿರು ಚುಕ್ಕೆ ಹೊತ್ತಿಕೊಂಡರೆ ಈ ಹುಡುಗಿ ಮನೆಯೆಲ್ಲ ಕುಣಿಯುತ್ತಿದ್ದಳು. ಮಾತಾಡುವ ಮೈಕು ಮೊದಲ ತಿಂಗಳೇ ಕೆಟ್ಟಿತು, ನೀನು ರಿಪೇರಿ ಮಾಡಿಸುತ್ತೇನೆ ಎಂದೆ, ಮಾಡಿಸಲಿಲ್ಲ. ಹಾಗಾಗಿ ನಿಮ್ಮಿಬ್ಬರ ಮಾತೆಲ್ಲ ಸಣ್ಣ ಸಣ್ಣ ಬರವಣಿಗೆಯಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ನಡೆಯುತ್ತಿತ್ತು. ಪೆಟ್ಟಿಗೆಯನ್ನು ಮೊದಲ ಸಲ ಜೋಡಿಸುವಾಗ ಫೋನಿನಲ್ಲಿ ನಿನ್ನ ಹೆಸರು, ಪಾಸ್‌ವರ್ಡ್ ಎರಡನ್ನೂ ಹೇಳಿ ಬರೆದಿಟ್ಟುಕೊಳ್ಳಿ ಎಂದವನು ನೀನೇ. ಪಾಸ್‌ವರ್ಡ್ ಅವಳು ಹುಟ್ಟಿದ ತಾರೀಖು. ಅದನ್ನು ನೀನು ಕೊನೆಯವರೆಗೂ ಬದಲಿಸಲಿಲ್ಲ. ಪ್ರೀತಿಯಿಂದಲೋ, ಸೋಮಾರಿತನದಿಂದಲೋ ಎಂದು ಕೇಳಬೇಕೆನಿಸುತ್ತದೆ.

ಕಳೆದ ವರ್ಷದ ಸಂಕ್ರಾಂತಿಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ನೀನು ಇನ್ನು ಮೇಲೆ ಆಫೀಸಿನ ದೀಪ್ತಿ ಎಂಬವಳ ಜೊತೆ ಇರುವುದಾಗಿ ಹೆಂಡತಿ ಉಷಾಗೆ ಹೇಳಿದೆ. ಅವಳ ಕೈಯಲ್ಲಿ ಎಳ್ಳು ಹುರಿಯುವ ಸೌಟು ಇತ್ತು. ಅವಳು ಅಳಲಿಲ್ಲ, ಕೂಗಲಿಲ್ಲ. "ನನಗ ಹೇಳಿದಂಗ ನಿಮ್ಮ ಮಗಳಿಗೂ ನೀವ ಹೇಳ್ರಿ. ನಾ ಹೇಳಂಗಿಲ್ಲ" ಎಂದಳು. ಆಮೇಲೆ ಹೇಳುತ್ತೇನೆ ಎಂದು ಚೀಲ ಎತ್ತಿಕೊಂಡೆ. ಹೊರಗೆ ಗೆಳತಿಯರ ಜೊತೆ ಎಳ್ಳು ಬೀರಲು ಹೋಗಿದ್ದ ವರ್ಷಾ ಮನೆಗೆ ಬರುವ ಹೊತ್ತಿಗೆ ನೀನು ಸ್ಟೇಷನ್ ತಲುಪಿಯಾಗಿತ್ತು. ಅಪ್ಪ ಯಾಕೆ ಹೇಳದೆ ಹೋದ ಎಂದು ಅವಳು ಕೇಳಿದಾಗ, ಅರ್ಜೆಂಟ್ ಕೆಲಸ ಬಂತು ಎಂದವನು ನಾನು. ಮೊದಲ ಸುಳ್ಳು ಅದು. ಉಳಿದವು ಅದರ ಬಾಲ ಹಿಡಿದು ಬಂದವು.

ಆಮೇಲೆ ಮೂರು ರವಿವಾರ ಏನಾಯಿತು ಎಂಬುದು ನಿನಗೆ ಗೊತ್ತಿಲ್ಲ. ಮೂರೂವರೆಗೇ ಕೂದಲು ಬಾಚಿಕೊಂಡು ಪೆಟ್ಟಿಗೆ ಹಚ್ಚಿ ಕುಳಿತುಕೊಳ್ಳುತ್ತಿದ್ದಳು. ನಿನ್ನ ಹೆಸರು ಕಪ್ಪಗೆ ಇರುತ್ತಿತ್ತು. ಐದಕ್ಕೆ, ಆರಕ್ಕೆ, ದೀಪ ಹಚ್ಚುವ ಹೊತ್ತಿಗೂ ಕಪ್ಪು. ನಿನ್ನ ಅವ್ವ ಮಂಡಕ್ಕಿ ಒಗ್ಗರಣೆ ಮಾಡಿ ಮುಂದಿಟ್ಟರೆ ಪರದೆಯಿಂದ ಕಣ್ಣು ತೆಗೆಯದೆ ತಿನ್ನುತ್ತಿದ್ದಳು, ಆ ಹೊತ್ತಿನಲ್ಲೇ ಬಂದು ಹೋಗಿಬಿಟ್ಟರೆ ಎಂಬ ಹೆದರಿಕೆಯಲ್ಲಿ. ಮೂರನೆಯ ವಾರ ನನ್ನನ್ನು ಕರೆದು, "ಅಜ್ಜಾ, ನಾ ಏನರ ತಪ್ಪು ಬರದೇನೇನು, ಒಂದ್ಸಲ ನೋಡು" ಎಂದು ತಾನು ನಿನಗೆ ಕಳಿಸಿದ್ದನ್ನೆಲ್ಲ ಓದಿ ತೋರಿಸಿದಳು. ತಪ್ಪು ಹುಡುಕುತ್ತ ಕುಳಿತಿದ್ದಳು, ಅರವಿಂದ. ಹತ್ತು ವರ್ಷದ ಮಗು.

ನಾಲ್ಕನೆಯ ರವಿವಾರ ನಾನು ಲೋಕಲ್ ರೈಲು ಹಿಡಿದು ಊರೊಳಗೆ ಹೋದೆ. ಕನ್ನಡ ಸಂಘದ ಸಭೆ ಎಂದು ಮನೆಯಲ್ಲಿ ಹೇಳಿದೆ. ಹಿಮಾಯತ್‌ನಗರದಲ್ಲಿ ಒಂದು ಗೇಮ್ ಪಾರ್ಲರ್ ಇದೆ ಎಂದು ನಮ್ಮ ಕಾರ್ಖಾನೆಯ ವೀರಭದ್ರಪ್ಪನ ಮೊಮ್ಮಗ ಹೇಳಿದ್ದ. ನಡೆಸುವವನು ಖಾಜಾ ಭಾಯ್, ನಲವತ್ತರ ಮನುಷ್ಯ, ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರುಗಳ ಹುಡುಗರಿಗೆಲ್ಲ ಪರಿಚಿತ. ಅರವತ್ತೆಂಟು ವರ್ಷದ ಮುದುಕ ಕೊಡೆ ಹಿಡಿದು ಒಳಗೆ ಬಂದಾಗ ಯಾರನ್ನೋ ಎಳೆದುಕೊಂಡು ಹೋಗಲು ಬಂದಿದ್ದೇನೆ ಎಂದೇ ಅವನು ತಿಳಿದ. ನಾನು ವಿಷಯ ಹೇಳಿದೆ, ಎಲ್ಲವನ್ನೂ ಅಲ್ಲ. ಅವನು ಮೂಲೆಯಲ್ಲಿದ್ದ ಹಳೇ ಪೆಟ್ಟಿಗೆಯ ಧೂಳು ಒರೆಸಿ ಹಚ್ಚಿಕೊಟ್ಟ. ನಾನು ನಿನ್ನ ಹೆಸರು ಹಾಕಿದೆ, ಅವಳ ಹುಟ್ಟಿದ ತಾರೀಖು ಹಾಕಿದೆ. ಲಿಂಗಂಪಲ್ಲಿಯ ನಮ್ಮ ಮನೆಯಲ್ಲಿ ಹಸಿರು ಚುಕ್ಕೆ ಹೊತ್ತಿಕೊಂಡಿತು. ಆರು ಎಣಿಸುವುದರೊಳಗೆ ಪರದೆಯ ಮೇಲೆ ಅವಳ ಬರಹ ಬಂತು: "ಅಪ್ಪಾ ಬಂದ್ಯಾ". ಅಷ್ಟೇ. ಸಿಟ್ಟಿಲ್ಲ, ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ನಾನು ಒಂದೊಂದೇ ಅಕ್ಷರ ಹುಡುಕಿ "ಬಂದೆ" ಎಂದು ಒತ್ತಿದೆ. ನಿನ್ನ ಪ್ರಕಾರ ಕಳವು ಶುರುವಾದದ್ದು ಅಲ್ಲಿಂದ.

ಹದಿನೈದು ತಿಂಗಳು ಹೀಗೆ ನಡೆಯಿತು. ಲೇತ್ ಮಶೀನಿಗೆ ಸಿಕ್ಕು ಸೊಟ್ಟಗಾದ ನನ್ನ ಬಲಗೈಯ ಬೆರಳು ನಿನಗೆ ಗೊತ್ತು. ಆ ಬೆರಳಿಟ್ಟುಕೊಂಡು ಅಷ್ಟು ಗುಂಡಿ ಒತ್ತುವುದು ಸುಲಭವಿರಲಿಲ್ಲ. ಎಷ್ಟೋ ಸಲ ಹಳಿ ಬದಲಿಸಲು ತಡಮಾಡಿ ಅವಳ ರೈಲನ್ನು ಗೋಡೆಗೆ ಕೊಟ್ಟೆ. "ಅಪ್ಪಾ, ನೀ ಮೊದಲ ಹಿಂಗ ಆಡ್ತಿರಲಿಲ್ಲ, ಪುಣೆಕ್ಕ ಹೋಗಿ ದಡ್ಡ ಆಗೀ" ಎಂದು ಬರೆದಳು. ಕೈಗೆ ಪೆಟ್ಟಾಗಿದೆ ಎಂದು ಬರೆದೆ. ಆ ದಿನ ನಾನು ಮನೆಗೆ ಬಂದಾಗ ಅವಳು ದೇವರ ಮುಂದೆ ನಿಂತಿದ್ದಳು. ಅಪ್ಪನ ಕೈ ಬೇಗ ನೆಟ್ಟಗಾಗಲಿ ಎಂದು ಬೇಡಿಕೊಳ್ಳುತ್ತಿದ್ದಾಳೆ ಎಂದು ನಿನ್ನ ಅವ್ವ ಪಿಸುಗುಟ್ಟಿದಳು. ನಾನು ಕೈಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಒಳಗೆ ಹೋದೆ.

ಉಷಾಗೆ ಮೂರನೆಯ ತಿಂಗಳು ಹೇಳಿದೆ. ಅವಳು ಗಚ್ಚಿಬೌಲಿಯ ಆಫೀಸಿನಿಂದ ಆಗಷ್ಟೇ ಬಂದಿದ್ದಳು, ಕೊರಳಲ್ಲಿ ಗುರುತಿನ ಕಾರ್ಡು ಇನ್ನೂ ಇತ್ತು. ಅದನ್ನು ತೆಗೆದು ಮೊಳೆಗೆ ಹಾಕಿ, "ಮಾವಾರ, ಇದು ಛಲೋ ಅಲ್ಲ. ಆದರ ನಿಲ್ಲಸ್ರಿ ಅನ್ನಾಕ ನನಗ ಬಾಯಿ ಬರವಲ್ದು" ಎಂದಳು. ಅವಳು ಹೇಳಿದ್ದು ಸರಿ, ಛಲೋ ಅಲ್ಲ. ಯಾಕೆಂದರೆ ಆಟಕ್ಕಿಂತ ಬರವಣಿಗೆ ಹೆಚ್ಚಾಗುತ್ತ ಹೋಯಿತು. ನನಗೆ, ಉಷಾಗೆ, ಅಜ್ಜಿಗೆ ಹೇಳದ್ದನ್ನೆಲ್ಲ ಅಪ್ಪನಿಗೆ ಬರೆಯುತ್ತಿದ್ದಳು. ಅಮ್ಮ ನಳ ಬಿಟ್ಟುಕೊಂಡು ಬಚ್ಚಲಲ್ಲಿ ಅಳುತ್ತಾಳೆ ಎಂದು. ಕ್ಲಾಸಿನ ಹುಡುಗಿಯೊಬ್ಬಳು ನಿಮ್ಮಪ್ಪ ಓಡಿಹೋಗಿದ್ದಾನಂತೆ ಎಂದದ್ದಕ್ಕೆ ಅವಳ ಪುಸ್ತಕ ಹರಿದೆ ಎಂದು. ಅಜ್ಜ ಮುದುಕ ಆಗ್ಯಾನ, ಒಂದೇ ಮಾತು ಎರಡೆರಡು ಸಲ ಹೇಳ್ತಾನ ಎಂದು. ಅದನ್ನು ಓದಿ ನಕ್ಕೆ. ಆದರೆ ಒಂದು ರವಿವಾರ, "ಅಪ್ಪಾ, ಅಮ್ಮ ಯಾರಿಗೂ ಹೇಳಬ್ಯಾಡ ಅಂದಾಳ, ನಿನಗೊಬ್ಬವಗ ಹೇಳತೀನಿ" ಎಂದು ಏನನ್ನೋ ಶುರುಮಾಡಿದಳು. ನಾನು ನೆಟ್ ಕೆಟ್ಟಿತು ಎಂಬಂತೆ ಪೆಟ್ಟಿಗೆಯನ್ನೇ ಬಂದ್ ಮಾಡಿ ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕುಳಿತುಬಿಟ್ಟೆ. ಆ ಮಾತು ಕೇಳುವ ಅಧಿಕಾರ ಭೂಮಿಯ ಮೇಲೆ ಒಬ್ಬನಿಗೆ ಇತ್ತು. ಅವನಿಗೆ ಅದು ಬೇಕಾಗಿರಲಿಲ್ಲ. ಮುಂದಿನ ವಾರ, ಬೇಸಿಗೆ ರಜೆಯಲ್ಲಿ ತನ್ನನ್ನು ಪುಣೆಗೆ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದಳು. "ನೋಡೋಣ" ಎಂದು ಒತ್ತಿದೆ. ಆ ಮೂರಕ್ಷರ ಹಿಡಿದುಕೊಂಡು ಅವಳು ಯಾವ ಫ್ರಾಕು ಒಯ್ಯಬೇಕು ಎಂದು ಆರಿಸತೊಡಗಿದಳು.

ನಾನು ಮಾಡಿದ್ದು ಸರಿ ಎಂದು ವಾದಿಸಲು ಇದನ್ನೆಲ್ಲ ಬರೆಯುತ್ತಿಲ್ಲ. ಆ ಮೂರು ವಾರದಲ್ಲೇ ಅವಳಿಗೆ ನಿಜ ಹೇಳಿದ್ದರೆ ಅತ್ತು ಕರೆದು ಈ ಹೊತ್ತಿಗೆ ಗಟ್ಟಿಯಾಗಿರುತ್ತಿದ್ದಳೋ ಏನೋ. ನನಗೆ ಧೈರ್ಯವಾಗಲಿಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನು ನಿನಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ನೀನು ತಿರುಗಿ ಬಂದರೆ ನಿನ್ನ ಜಾಗ ಬೆಚ್ಚಗಿರಲಿ ಎಂದು ನಾನು ಅದರಲ್ಲಿ ಕುಳಿತಿದ್ದೆ.

ಈ ವರ್ಷ ಫೆಬ್ರುವರಿಯಲ್ಲಿ ಪರದೆಯ ಮೇಲೆ ಒಂದು ಸೂಚನೆ ಬಂತು. ಹಳೇ ಪೆಟ್ಟಿಗೆಯ ಆನ್‌ಲೈನ್ ಸೇವೆ ಏಪ್ರಿಲ್ ಕೊನೆಗೆ ನಿಲ್ಲುತ್ತದೆ, ಎಲ್ಲರೂ ಹೊಸ ಪೆಟ್ಟಿಗೆಗೆ ಬನ್ನಿ ಎಂದು. ನನ್ನ ಪರದೆಯ ಮೇಲೂ ಬಂತು, ಅವಳದರ ಮೇಲೂ ಬಂತು. "ಅಪ್ಪಾ, ಈಗೇನು ಮಾಡೋದು?" ಎಂದು ಬರೆದಳು. ನಾನು ಖಾಜಾ ಭಾಯ್‌ಗೆ ಕೇಳಿದೆ, ಹೊಸದು ತಂದರೆ ಅದರಲ್ಲಿ ಇದೇ ರೈಲು ನಡೆಯುತ್ತದೆಯೋ ಎಂದು. "ನವಾ ಡಬ್ಬಾ ಪುರಾನೇ ಸಿ.ಡಿ. ಚಲಾತಾ ಚಾಚಾ, ಮಗರ್ ಸಬ್ ನಕ್ಕೋ ಬೋಲ್ತಾ" ಎಂದ. ಹಳೇ ಆಟಗಳಲ್ಲಿ ಕೆಲವನ್ನು ಮಾತ್ರ ಹೊಸ ಪೆಟ್ಟಿಗೆ ಒಪ್ಪಿಕೊಳ್ಳುತ್ತದೆ, ಅದಕ್ಕೊಂದು ಪಟ್ಟಿ ಇದೆ, ಪಟ್ಟಿಯಲ್ಲಿ ಇಲ್ಲದವಕ್ಕೆ ಜಾಗವಿಲ್ಲ. ನನ್ನ ಸಮಾಧಾನಕ್ಕೆ ನಮ್ಮ ರೈಲಿನ ಸಿ.ಡಿ.ಯನ್ನು ಹೊಸದರಲ್ಲಿ ಹಾಕಿ ತೋರಿಸಿದ. ಅದು ಸ್ವಲ್ಪ ಹೊತ್ತು ತಿರುಗಿ, ಈ ಆಟ ಇಲ್ಲಿ ನಡೆಯುವುದಿಲ್ಲ ಎಂದು ಬರೆದು ಹೊರಗೆ ತಳ್ಳಿತು. ನಡೆದಿದ್ದರೂ ಉಪಯೋಗವಿರಲಿಲ್ಲವಂತೆ. ಇಬ್ಬರು ಕೂಡಿ ಆಡುವ ದಾರಿಯೇ ಆ ಹಳೇ ಸೇವೆಯ ಜೊತೆ ಮುಚ್ಚಿಹೋಗುತ್ತದೆ, ಹಳೇ ಆಟ ಹೊಸದರಲ್ಲಿ ಬಂದರೂ ಒಬ್ಬಂಟಿಯಾಗಿ ಬರುತ್ತದೆ ಎಂದ. ನನಗೆ ನಮ್ಮ ಕಾರ್ಖಾನೆ ನೆನಪಾಯಿತು. ಬೀದರ ಕಡೆಯ ಸಕ್ಕರೆ ಕಾರ್ಖಾನೆಯವರು ಇಪ್ಪತ್ತನಾಲ್ಕು ವರ್ಷದ ಹಳೇ ಪಂಪಿಗೆ ಒಂದು ಉಂಗುರ ಬೇಕೆಂದು ಪತ್ರ ಬರೆದರೆ, ನಾವು ಕಪಾಟಿನಿಂದ ಹಳೇ ನಕ್ಷೆ ತೆಗೆದು ಹೊಸ ಕಬ್ಬಿಣದಲ್ಲಿ ಕಡೆದು ಕಳಿಸುತ್ತಿದ್ದೆವು. ಹಳೆಯದನ್ನು ಕೈಬಿಡುವುದು ಯಂತ್ರದ ಗುಣವಲ್ಲ. ಯಾರೋ ಒಬ್ಬರು ಕುರ್ಚಿಯಲ್ಲಿ ಕುಳಿತು ತೀರ್ಮಾನ ಮಾಡಿದರೆ ಮಾತ್ರ ಹಾಗಾಗುತ್ತದೆ.

ಕೊನೆಯ ರವಿವಾರ ಏಪ್ರಿಲ್ ಇಪ್ಪತ್ತೈದು. ಅಂದು ಎಲ್ಲವನ್ನೂ ಮುಗಿಸಬೇಕೆಂದು ನಾನು ಉಷಾ ಕೂಡಿ ಮಾತಾಡಿಕೊಂಡಿದ್ದೆವು. ಅಪ್ಪನ ಹೆಸರಿನಲ್ಲಿ ಕೊನೆಯದಾಗಿ ನಾಲ್ಕು ಒಳ್ಳೆಯ ಮಾತು ಬರೆಯುವುದು, ಆಟ ಮುಗಿದ ಮೇಲೆ ನಾನು ಮನೆಗೆ ಬಂದು ಅವಳ ಮುಂದೆ ಕುಳಿತು ನಿಜ ಹೇಳುವುದು. ಏನು ಬರೆಯಬೇಕೆಂದು ಒಂದು ಚೀಟಿಯಲ್ಲಿ ತಿದ್ದಿ ತಿದ್ದಿ ಇಟ್ಟುಕೊಂಡಿದ್ದೆ. ನಾಲ್ಕಕ್ಕೆ ಆಟ ಶುರುವಾಯಿತು. ಅಂದು ನನ್ನ ಬೆರಳು ಒಂದೂ ತಪ್ಪು ಮಾಡಲಿಲ್ಲ. ನಲವತ್ತು ಡಬ್ಬಿಯ ಗೂಡ್ಸು, ಘಟ್ಟ ಹತ್ತಿ ಸೇತುವೆಯ ಮೇಲೆ ಹೋಗುತ್ತಿತ್ತು, ಅವಳು ಅಷ್ಟು ದೂರ ಎಂದೂ ಹೋಗಿರಲಿಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ನನ್ನ ಪರದೆ ಕಪ್ಪಾಯಿತು. ಈ ಅಕೌಂಟನ್ನು ಬೇರೆ ಕಡೆ ತೆರೆಯಲಾಗಿದೆ, ಆದ್ದರಿಂದ ಇಲ್ಲಿ ಮುಚ್ಚಲಾಗಿದೆ ಎಂದು ಬರೆದಿತ್ತು. ನಾನು ಮತ್ತೆ ಮತ್ತೆ ಒತ್ತಿದೆ. ಖಾಜಾ ಭಾಯ್ ಬಂದು ನೋಡಿ ನನ್ನ ಹೆಗಲ ಮೇಲೆ ಕೈ ಇಟ್ಟು, "ಚಾಚಾ, ಅಸಲೀ ಆದ್ಮಿ ಆಗಯಾ" ಎಂದ. ನಿಜವಾದವನು ಬಂದ ಎಂದು.

ನೀನು ಬಂದದ್ದು ಮಗಳಿಗಾಗಿ ಎಂದು ಒಂದು ಕ್ಷಣ ನಂಬಿದೆ ಅರವಿಂದ. ನಂಬಿ ಎದ್ದು ನಿಂತೆ.

ಮನೆಯಲ್ಲಿ ನಡೆದದ್ದನ್ನು ಉಷಾ ಆಮೇಲೆ ಹೇಳಿದಳು, ಅವಳು ಹಿಂದೆಯೇ ಬಟ್ಟೆ ಮಡಚುತ್ತ ಕುಳಿತಿದ್ದಳು. ಗೂಡ್ಸು ಸೇತುವೆಯ ಮೇಲೆ ನಿಂತುಬಿಟ್ಟಿತು. ನಿನ್ನ ಹೆಸರು ಕಪ್ಪಾಗಿ ಮತ್ತೆ ಹಸಿರಾಯಿತು. ಗೆಳೆಯರ ಪಟ್ಟಿ ಹಳೇ ಪೆಟ್ಟಿಗೆಗೂ ಹೊಸದಕ್ಕೂ ಒಂದೇ ಅಂತೆ. ಅದರಲ್ಲಿ ನೀನು ಹೊಸ ಪೆಟ್ಟಿಗೆಯಲ್ಲಿ ಕಾರಿನ ರೇಸ್ ಆಡುತ್ತಿದ್ದೀ ಎಂದು ಕಾಣುತ್ತಿತ್ತು. ಇವಳು, "ಅಪ್ಪಾ, ಯಾಕ ಬಿಟ್ಟು ಹೋದಿ? ಗಾಡಿ ನಿಂತೈತಿ" ಎಂದು ಬರೆದಳು. ಸ್ವಲ್ಪ ಹೊತ್ತಿಗೆ ಹಿಂದಿಯಲ್ಲಿ ಉತ್ತರ ಬಂತು. ನೀವು ಯಾರು, ಅರವಿಂದ್ ಸ್ನಾನಕ್ಕೆ ಹೋಗಿದ್ದಾರೆ, ಹೊಸದು ತಂದು ಈಗಷ್ಟೇ ಜೋಡಿಸಿದ್ದೇವೆ, ನಾನು ದೀಪ್ತಿ ಎಂದು. ವರ್ಷಾ ತನಗೆ ಬರುವ ಹಿಂದಿಯಲ್ಲಿ, ನಾನು ಅವರ ಮಗಳು ಎಂದು ಬರೆದಳು. ಆ ಕಡೆಯಿಂದ, ಅರವಿಂದ್‌ಗೆ ಮಗಳಿಲ್ಲವಲ್ಲ, ನೀವು ಬೇರೆ ಯಾರನ್ನೋ ಹುಡುಕುತ್ತಿರಬೇಕು ಎಂದು ಬಂತು. ಅದರಲ್ಲಿ ಆ ಹೆಣ್ಣುಮಗಳ ಕೆಟ್ಟತನವಿಲ್ಲ, ತನಗೆ ಗೊತ್ತಿದ್ದಷ್ಟು ಬರೆದಿದ್ದಳು. ಇವಳು, ನನ್ನ ಹೆಸರು ವರ್ಷಾ, ಅಪ್ಪನಿಗೆ ಕೇಳಿರಿ ಎಂದಳು. ಆಮೇಲೆ ಹತ್ತು ನಿಮಿಷ ಏನೂ ಇಲ್ಲ. ಹತ್ತು ನಿಮಿಷದ ನಂತರ ಪಟ್ಟಿಯಿಂದ ನಿನ್ನ ಹೆಸರೇ ಹೋಯಿತು. ಕಪ್ಪಾಗಲಿಲ್ಲ, ಹೋಯಿತು. ಪಟ್ಟಿಯಲ್ಲಿ ಇದ್ದದ್ದೇ ಒಂದು ಹೆಸರು. ಅದನ್ನು ಒರೆಸಿದ್ದು ದೀಪ್ತಿಯಲ್ಲ ಎಂದು ನನಗೆ ಗೊತ್ತು, ಯಾಕೆಂದು ಮುಂದೆ ಬರೆಯುತ್ತೇನೆ.

ನಾನು ಲಿಂಗಂಪಲ್ಲಿಗೆ ಬಂದಾಗ ಆರೂವರೆ. ವರ್ಷಾ ಟಿ.ವಿ. ಮುಂದೆ ಹಾಗೇ ಇದ್ದಳು. ಅಳುತ್ತಿರಲಿಲ್ಲ. ಉಷಾ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದಳು. "ಅಜ್ಜಾ, ಅಪ್ಪ ನಾ ಇಲ್ಲ ಅಂತ ಹೇಳ್ಯಾನ" ಎಂದಳು. ನನ್ನ ಕಿಸೆಯಲ್ಲಿದ್ದ ಚೀಟಿಯ ಯಾವ ಮಾತೂ ಕೆಲಸಕ್ಕೆ ಬಾರದಾಯಿತು. ನಿನ್ನ ಅವ್ವ ಗುಡಿಗೆ ಹೋಗಿದ್ದಳು. ನೆಲದ ಮೇಲೆ ಕುಳಿತು ಎಲ್ಲ ಹೇಳಿದೆ, ಸಂಕ್ರಾಂತಿಯಿಂದ ಹಿಡಿದು. ಹಿಮಾಯತ್‌ನಗರ, ಖಾಜಾ ಭಾಯ್, ಪೆಟ್ಟಾದ ಕೈ, ಎಲ್ಲ. ಇಷ್ಟು ದಿನ ಯಾರೋ ಒಬ್ಬರು ತನ್ನ ಜೊತೆ ಇದ್ದರಲ್ಲ ಎಂದು ಅವಳಿಗೆ ಸ್ವಲ್ಪವಾದರೂ ಸಮಾಧಾನವಾದೀತು ಎಂಬ ಆಸೆ ನನ್ನೊಳಗೆ ಇತ್ತು. ಮುದುಕರಿಗೆ ಇಂಥ ಆಸೆ ಬಿಡುವುದಿಲ್ಲ. ಅವಳು ನನ್ನ ಕೈಯನ್ನೇ ನೋಡುತ್ತ, "ಹಂಗಾರ ಅಪ್ಪಗ ಹೇಳಿದ್ದೆಲ್ಲಾ ನೀ ಓದೀ" ಎಂದಳು. ಹೌದು ಎಂದೆ. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಹತ್ತೊಂಬತ್ತು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ನೀರು ಕೇಳಿದರೆ ತಂದಿಟ್ಟು ಹೋಗುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ನಾನು ಒಳಗೆ ಬಂದರೆ ಹೊರಗೆ ಹೋಗುತ್ತಿದ್ದಳು. ನಿನ್ನ ಅವ್ವನಿಗೆ ಕಾರಣ ಗೊತ್ತಿಲ್ಲ, ಇಬ್ಬರನ್ನೂ ಕೂಡಿಸಲು ಹೋಳಿಗೆ ಮಾಡಿದಳು, ಹೋಳಿಗೆ ಹಾಗೇ ಉಳಿದವು. ನೀನು ಮಗಳನ್ನು ಬಿಟ್ಟೆ, ಸಿಟ್ಟು ಬಂದದ್ದು ನನ್ನ ಮೇಲೆ. ಅದು ನ್ಯಾಯವೇ. ಬಿಟ್ಟುಹೋದವನ ಮೇಲೆ ಸಿಟ್ಟು ಮಾಡಲು ಅವನು ಮುಂದೆ ಇರಬೇಕಲ್ಲ.

ದೀಪ್ತಿ ಫೋನ್ ಮಾಡಿದ್ದು ಏಪ್ರಿಲ್ ಇಪ್ಪತ್ತೆಂಟಕ್ಕೆ, ಮಧ್ಯಾಹ್ನ. ನಿನ್ನ ಹಳೇ ಡೈರಿಯಲ್ಲಿ ನಮ್ಮ ನಂಬರು ಸಿಕ್ಕಿತಂತೆ. ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಆ ಹುಡುಗಿಯ ಹೆಸರು ತಾನು ಒರೆಸಲಿಲ್ಲ, ಅವರು ಸ್ನಾನದಿಂದ ಬಂದು ಓದಿ, ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದು ನಕ್ಕು ಅವರೇ ಒರೆಸಿದರು, ಆದರೆ ಆಮೇಲೆ ಆ ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ, ಅದಕ್ಕೇ ಕೇಳುತ್ತಿದ್ದೇನೆ ಎಂದಳು. ಮದುವೆಯಾಗಿತ್ತು, ಮುರಿಯಿತು, ಮಕ್ಕಳಿಲ್ಲ ಎಂದು ನೀನು ಹೇಳಿದ್ದೆಯಂತೆ. ನನಗೆ ಸುಳ್ಳು ಹೇಳಿ ಸಾಕಾಗಿತ್ತು. ಮದುವೆ ಕಾಗದದ ಪ್ರಕಾರ ಇನ್ನೂ ಮುರಿದಿಲ್ಲ, ಮಗಳಿಗೆ ಹನ್ನೊಂದು ವರ್ಷ, ಆರನೆಯ ಇಯತ್ತೆ ಮುಗಿಸಿದ್ದಾಳೆ, ಅರವಿಂದನ ಹೆಸರಿನಲ್ಲಿ ಇಷ್ಟು ದಿನ ಅವಳ ಜೊತೆ ಆಡಿದವನು ನಾನು ಎಂದೆ. ಅವಳು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ಮೂರು ದಿನದ ನಂತರ ನೀನು ಫೋನ್ ಮಾಡಿ ನನ್ನನ್ನು ಕಳ್ಳ ಎಂದೆ. ನಿನ್ನ ಮನೆಯಲ್ಲಿ ಈಗ ಏನು ನಡೆದಿದೆಯೋ ನನಗೆ ಗೊತ್ತಿಲ್ಲ, ಕೇಳುವುದಿಲ್ಲ.

ಇಪ್ಪತ್ತನೆಯ ದಿನ ವರ್ಷಾ ತಾನಾಗಿ ಬಂದು ನನ್ನ ಮಂಚದ ಕಾಲ ಹತ್ತಿರ ನಿಂತಳು. "ಅಜ್ಜಾ, ಖರೇ ಹೇಳು. ಇಷ್ಟ ದಿನದಾಗ ಅಪ್ಪ ಒಂದಿನಾರ ನನ್ನ ಬಗ್ಗೆ ಕೇಳ್ಯಾನೇನು?" ಎಂದಳು. ಒಂದು ಸಣ್ಣ ಸುಳ್ಳು, ಒಂದೇ ಒಂದು, ನಾಲಿಗೆಯ ತುದಿಗೆ ಬಂದಿತ್ತು. "ಇಲ್ಲವ್ವಾ" ಎಂದೆ. ತಲೆ ಅಲ್ಲಾಡಿಸಿದಳು, ಲೆಕ್ಕದ ಉತ್ತರ ತಾಳೆ ನೋಡಿದವರ ಹಾಗೆ. ಆಮೇಲೆ ಆ ಪೆಟ್ಟಿಗೆ, ತಂತಿ, ರೈಲಿನ ಸಿ.ಡಿ. ಎಲ್ಲವನ್ನೂ ತಾನೇ ಬಿಚ್ಚಿ ಅಟ್ಟದ ಮೇಲೆ ಇಡಲು ಉಷಾಗೆ ಕೊಟ್ಟಳು. ಈಗ ಮಾತಾಡುತ್ತಾಳೆ. ಮೊದಲಿನಂತೆ ಅಲ್ಲ. ಏನಾದರೂ ಹೇಳುವ ಮೊದಲು ಒಂದು ಕ್ಷಣ ನಿಂತು, ಇದನ್ನು ಹೇಳಬಹುದೋ ಇಲ್ಲವೋ ಎಂದು ತೂಗುತ್ತಾಳೆ. ಹನ್ನೊಂದು ವರ್ಷದವಳಿಗೆ ಆ ತಕ್ಕಡಿ ಕೊಟ್ಟವರು ನಾವಿಬ್ಬರು, ನೀನು ಮತ್ತು ನಾನು. ನನ್ನ ಪಾಲಿನದನ್ನು ನಾನು ಹೊರುತ್ತೇನೆ. ಇಂದು ಬೆಳಿಗ್ಗೆ ಶಾಲೆ ಶುರುವಾಯಿತು. ಡೈರಿಯಲ್ಲಿ ಪಾಲಕರ ಸಹಿ ಎಂಬಲ್ಲಿ ಬೆರಳಿಟ್ಟು ನನ್ನ ಮುಂದೆ ಹಿಡಿದಳು. ತಂದೆ ಎಂಬುದರ ಎದುರಿನ ಖಾಲಿ ಗೆರೆಯನ್ನು ಅವಳೇ ಸ್ಕೇಲ್ ಹಿಡಿದು ಅಡ್ಡ ಹೊಡೆದಿದ್ದಳು.

ನೀನು ಚೆನ್ನಾಗಿರು. ಔಷಧ ಬಿಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ತಂದೆ ಮಗನಿಗೆ ಕೊಡಬೇಕಾದ ಆಶೀರ್ವಾದ ಕೊಟ್ಟಿದ್ದೇನೆ, ಅದನ್ನು ಹಿಂದಕ್ಕೆ ಪಡೆಯುವ ಪದ್ಧತಿ ನಮ್ಮಲ್ಲಿ ಇಲ್ಲ. ಅವ್ವ ನೆನೆಸುತ್ತಾಳೆ. ಉಷಾ ಏನನ್ನೂ ತಿಳಿಸೆಂದು ಹೇಳಿಲ್ಲ.

ಇಂತು ನಿನ್ನ ತಂದೆ,
ಗುರುಸಿದ್ದಪ್ಪ

ತಾ. ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು, ಉಷಾ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದಾಳೆ. ನಾವು ವಕೀಲರ ಹತ್ತಿರ ಹೊರಟಿದ್ದೇವೆ. ವಿಚ್ಛೇದನಕ್ಕೆ ಮತ್ತು ವರ್ಷಾ ತಾಯಿಯ ಬಳಿಯೇ ಇರಬೇಕೆಂಬುದಕ್ಕೆ ಉಷಾ ಇಂದು ಅರ್ಜಿ ಹಾಕುತ್ತಾಳೆ, ನೋಟೀಸು ನಿನ್ನ ಆಫೀಸಿಗೆ ಬರುತ್ತದೆ. ಸಾಕ್ಷಿಗಳಲ್ಲಿ ಮೊದಲ ಹೆಸರು ನನ್ನದು. ಅವಳು ಬೇಡವೆಂದಳು, ನಾನೇ ಬರೆಯಿಸಿದೆ. ನಿನ್ನ ಅವ್ವನಿಗೆ ಸಂಜೆ ಹೇಳುತ್ತೇನೆ. ಕೋರ್ಟಿನಲ್ಲಿ ನನ್ನ ಹೆಸರು ಕೇಳುತ್ತಾರೆ, ವಯಸ್ಸು ಕೇಳುತ್ತಾರೆ, ಎದುರು ನಿಂತಿರುವ ಈ ಮನುಷ್ಯ ನಿಮಗೆ ಏನಾಗಬೇಕು ಎಂದೂ ಕೇಳುತ್ತಾರಂತೆ. ಅಲ್ಲಿ ಸುಳ್ಳು ಹೇಳುವಂತಿಲ್ಲ. ನನ್ನ ಮಗ ಎಂದೇ ಹೇಳಬೇಕಾಗುತ್ತದೆ.